ಮಕ್ಕಳ ತಲೆಗೆ ಪೆಟ್ಟಾದಾಗ: ಕನ್ಕಷನ್ ಗುರುತಿಸಿ ನಿಭಾಯಿಸಲು ಶಾಲೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಕಬಡ್ಡಿ ಅಂಕಣದಲ್ಲಿ ಹುಡುಗನೊಬ್ಬ ತಲೆ ಹಿಡಿದುಕೊಂಡು ಕುಕ್ಕರಿಸುತ್ತಾನೆ. ಯಾರೋ ಮುಖಕ್ಕೆ ನೀರು ಚಿಮುಕಿಸುತ್ತಾರೆ, ಇನ್ಯಾರೋ ಗ್ಲೂಕೋಸ್ ಕುಡಿಸುತ್ತಾರೆ. ಒಂದು ನಿಮಿಷಕ್ಕೆ ಎದ್ದು ನಿಂತು ‘ಏನಿಲ್ಲ ಸರ್’ ಅನ್ನುತ್ತಾನೆ. ಸೀಟಿ ಊದುತ್ತದೆ, ಆಟ ಮುಂದುವರಿಯುತ್ತದೆ. ನಮ್ಮ ಶಾಲೆಗಳು ಪದೇ ಪದೇ ಎಡವುವುದು ಇಲ್ಲೇ. ಎರಡನೇ ಬಾರಿ ಎಡವುವುದು ಮರುದಿನ: ‘ಸ್ಕ್ಯಾನ್ ನಾರ್ಮಲ್ ಬಂದಿದೆ’ ಎಂದು ಮಗುವನ್ನು ನೇರವಾಗಿ ಪರೀಕ್ಷೆಗೋ ಪಂದ್ಯಕ್ಕೋ ಕೂರಿಸಿದಾಗ.

ಕನ್ಕಷನ್ ಅಂದರೆ ತಲೆ ಜೋರಾಗಿ ಅಲುಗಿ ಮಿದುಳಿನ ಕೆಲಸ ಏರುಪೇರಾಗುವುದು. ಇದಕ್ಕೆ ತಲೆಗೇ ಪೆಟ್ಟು ಬೀಳಬೇಕೆಂದಿಲ್ಲ. ಎದೆಗೋ ಬೆನ್ನಿಗೋ ಬಿದ್ದ ಡಿಕ್ಕಿಗೆ ಕತ್ತು ಚಟಕ್ಕನೆ ಹಿಂದೆಮುಂದೆ ಆದರೂ ಸಾಕು. ಪ್ರಜ್ಞೆ ತಪ್ಪಲೇಬೇಕೆಂದೂ ಇಲ್ಲ, ಹೆಚ್ಚಿನ ಕನ್ಕಷನ್‌ಗಳಲ್ಲಿ ಪ್ರಜ್ಞೆ ತಪ್ಪುವುದೇ ಇಲ್ಲ. ಸಿ.ಟಿ. ಸ್ಕ್ಯಾನ್ ತೋರಿಸುವುದು ರಕ್ತಸ್ರಾವ ಮತ್ತು ಮೂಳೆ ಮುರಿತವನ್ನು. ಕನ್ಕಷನ್ ಅದರಲ್ಲಿ ಕಾಣುವುದಿಲ್ಲ. ಹಾಗಾಗಿ ‘ನಾರ್ಮಲ್’ ಎಂಬ ವರದಿಗೆ ‘ಸದ್ಯಕ್ಕೆ ರಕ್ತಸ್ರಾವ, ಮುರಿತ ಕಂಡಿಲ್ಲ’ ಎಂಬ ಅರ್ಥವಿದೆಯೇ ಹೊರತು ‘ಆಡಬಹುದು’ ಎಂಬ ಅರ್ಥವಿಲ್ಲ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಪಾಲಿಸಿ. ಕ್ರಮ ತಪ್ಪಿದಾಗಲೇ ಹೆಚ್ಚಿನ ಅನಾಹುತ.

ಹಂತ 1: ಆಟ ಶುರುವಾಗುವ ಮೊದಲೇ ಕೈಯಲ್ಲಿರಬೇಕಾದದ್ದು

ದುಬಾರಿ ಉಪಕರಣ ಯಾವುದೂ ಬೇಡ. ದೈಹಿಕ ಶಿಕ್ಷಕರ ಚೀಲದಲ್ಲಿ ಇಷ್ಟಿರಲಿ: ಸೆಕೆಂಡು ಮುಳ್ಳಿರುವ ಗಡಿಯಾರ, ಸಣ್ಣ ಟಾರ್ಚ್, ಎರಡು ಸ್ವಚ್ಛ ಟವೆಲ್, ಕೈಗವಸು, ಪೆನ್ನು, ಲಕ್ಷಣಗಳ ಪಟ್ಟಿ ಮುದ್ರಿಸಿದ ಹಾಳೆ, ಪ್ರತಿ ಆಟಗಾರನ ಪೋಷಕರ ಎರಡು ಫೋನ್ ನಂಬರ್. ಎರಡು ಏಕೆಂದರೆ ಹೊಲದಲ್ಲೋ ಫ್ಯಾಕ್ಟರಿ ಶಿಫ್ಟ್‌ನಲ್ಲೋ ಇರುವ ಅಪ್ಪನ ಫೋನು ಆ ಹೊತ್ತಿಗೆ ಸಿಗುವುದಿಲ್ಲ. ಫ್ರಿಜ್ ಇಲ್ಲದ ಶಾಲೆಯಲ್ಲಿ ಐಸ್‌ಗೆ ಕಾಯಬೇಡಿ, ತಣ್ಣೀರಿನಲ್ಲಿ ಅದ್ದಿ ಹಿಂಡಿದ ಟವೆಲ್ ಸಾಕು.

‘ಕನ್ಕಷನ್ ರೆಕಗ್ನಿಷನ್ ಟೂಲ್ 6’ ಎಂಬ ಪುಟ್ಟ ಕಾರ್ಡ್ ಇದೆ. ಕ್ರೀಡಾ ಕನ್ಕಷನ್ ಕುರಿತು 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆದ ತಜ್ಞರ ಸಮ್ಮೇಳನದಿಂದ ಬಂದದ್ದು, ವೈದ್ಯರಲ್ಲದವರು ಬಳಸಲೆಂದೇ ಮಾಡಿದ್ದು. ಅದರ ಅಂಶಗಳನ್ನು ಕನ್ನಡದಲ್ಲಿ ಬರೆದು ಹಾಳೆಗೆ ಲ್ಯಾಮಿನೇಷನ್ ಹಾಕಿಸಿ.

ಇನ್ನೊಂದು ಕೆಲಸವಿದೆ, ಇದನ್ನು ಬಹುತೇಕ ಶಾಲೆಗಳು ಮಾಡುವುದಿಲ್ಲ. ಸಿ.ಟಿ. ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆ ಯಾವುದು, ಅಲ್ಲಿಗೆ ಎಷ್ಟು ನಿಮಿಷ ಎಂದು ಮೊದಲೇ ಬರೆದಿಡಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ಯಂತ್ರ ಇರುವುದಿಲ್ಲ. ಪೆಟ್ಟು ಗಂಭೀರವಾಗಿದ್ದಾಗ ಮೊದಲು ಅಲ್ಲಿಗೆ ಹೋಗಿ, ಅವರು ತಾಲ್ಲೂಕಿಗೆ ಬರೆದು, ಅಲ್ಲಿಂದ ಜಿಲ್ಲಾಸ್ಪತ್ರೆಗೆ ಓಡುವ ಹೊತ್ತಿಗೆ ಅಮೂಲ್ಯ ಸಮಯ ಕಳೆದಿರುತ್ತದೆ. 108ಕ್ಕೆ ಕರೆ ಮಾಡಿದಾಗ ‘ತಲೆಗೆ ಪೆಟ್ಟು, ವಾಂತಿ ಆಗುತ್ತಿದೆ’ ಎಂದು ಸ್ಪಷ್ಟವಾಗಿ ಹೇಳಿ. ‘ಹುಡುಗ ಬಿದ್ದ’ ಅಂದರೆ ಸಾಲದು.

ಹಂತ 2: ಮೊದಲ ಎರಡು ನಿಮಿಷ

ಆಟ ನಿಲ್ಲಿಸಿ. ಮಗು ಬಿದ್ದಲ್ಲೇ ಇರಲಿ. ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸುವುದು ನಮ್ಮಲ್ಲಿ ಎಲ್ಲರೂ ತಕ್ಷಣ ಮಾಡುವ ತಪ್ಪು. ಕತ್ತಿನ ಮೂಳೆಗೆ ಏಟಾಗಿದ್ದರೆ ಇದೊಂದರಿಂದಲೇ ಕೈಕಾಲು ಬಿದ್ದುಹೋಗಬಹುದು.

ಹೆಸರು ಹಿಡಿದು ಕರೆಯಿರಿ. ಉತ್ತರ ಬಂದರೆ ‘ಕತ್ತು ನೋಯುತ್ತಾ? ಕೈಕಾಲು ಜುಮ್ ಅಂತಿದೆಯಾ?’ ಎಂದು ಕೇಳಿ, ಬೆರಳುಗಳನ್ನು ಅಲ್ಲಾಡಿಸಲು ಹೇಳಿ. ಕತ್ತು ನೋವಿದ್ದರೆ ಅಲುಗಾಡಿಸದೆ 108 ಕರೆಯಿರಿ. ಮಾತಾಡದೆ ಬಿದ್ದಿದ್ದು ಉಸಿರಾಡುತ್ತಿದ್ದರೆ ಕತ್ತಿಗೂ ಪೆಟ್ಟಾಗಿದೆ ಎಂದೇ ತಿಳಿದು ತಲೆಯನ್ನು ಎರಡೂ ಕೈಯಲ್ಲಿ ಸ್ಥಿರವಾಗಿ ಹಿಡಿಯಿರಿ. ವಾಂತಿ ಬಂದರೆ ಮೂರ್ನಾಲ್ಕು ಮಂದಿ ಸೇರಿ ತಲೆ, ಕತ್ತು, ಬೆನ್ನು ಒಂದೇ ಸಾಲಿನಲ್ಲಿರುವಂತೆ ದಿಮ್ಮಿ ಹೊರಳಿಸಿದ ಹಾಗೆ ಪಕ್ಕಕ್ಕೆ ಹೊರಳಿಸಿ. ಉಸಿರೇ ಇಲ್ಲದಿದ್ದರೆ ಸಿ.ಪಿ.ಆರ್. (ಎದೆ ಒತ್ತಿ ಉಸಿರು ಕೊಡುವುದು) ಶುರು ಮಾಡಿ, ಆಗ ಕತ್ತಿನ ಯೋಚನೆ ಎರಡನೆಯದು.

ಫಿಟ್ಸ್ ಬಂದರೆ ಕೈಗೆ ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಬಾಯಿಗೆ ಚಮಚ ತುರುಕುವುದು ಯಾವುದೂ ಬೇಡ. ಸುತ್ತಲಿನ ಕಲ್ಲು, ಬೆಂಚು ಸರಿಸಿ, ಎಷ್ಟು ಸೆಕೆಂಡು ಬಂತು ಎಂದು ಗಡಿಯಾರ ನೋಡಿ ಬರೆದುಕೊಳ್ಳಿ. ಫಿಟ್ಸ್ ಬಂದ ಮಗು ಆಸ್ಪತ್ರೆಗೆ ಹೋಗಲೇಬೇಕು.

ಇವೆಲ್ಲ ಇಲ್ಲವೆಂದರೆ ಮಗುವನ್ನು ನಿಧಾನ ಕೂರಿಸಿ, ಕೈಹಿಡಿದು ಹೊರಗೆ ಕರೆತನ್ನಿ. ಆ ದಿನ ಆ ಮಗು ಮತ್ತೆ ಆಡುವುದಿಲ್ಲ. ಕನ್ಕಷನ್ ಹೌದೋ ಅಲ್ಲವೋ ಎಂಬ ಅನುಮಾನವಿದ್ದರೂ ಆಡುವುದಿಲ್ಲ. ಕಬಡ್ಡಿಯಲ್ಲಿ ಅಂಕಣಕ್ಕಿಳಿಯುವವರು 7 ಜನ, ಬೆಂಚಿನಲ್ಲಿ ಬದಲಿ ಆಟಗಾರರು ಇರುತ್ತಾರೆ. ಅವರು ಇರುವುದೇ ಇದಕ್ಕೆ. ಸೆಮಿಫೈನಲ್ ಎಂಬುದು ಕಾರಣವಲ್ಲ.

ಇಷ್ಟು ಕಟ್ಟುನಿಟ್ಟು ಏಕೆಂದರೆ, ಮೊದಲ ಪೆಟ್ಟಿನಿಂದ ಚೇತರಿಸಿಕೊಳ್ಳದ ಮಿದುಳಿಗೆ ಎರಡನೇ ಪೆಟ್ಟು ಬಿದ್ದರೆ ಮಿದುಳು ಬಾತುಕೊಂಡು ಪ್ರಾಣಕ್ಕೇ ಕುತ್ತಾಗಬಹುದು. ಅಪರೂಪ ನಿಜ, ಆದರೆ ಹೀಗಾಗುವುದು ಮುಖ್ಯವಾಗಿ ಹದಿಹರೆಯದವರಲ್ಲಿ. ಜೊತೆಗೆ ಕನ್ಕಷನ್ ಆದ ಆಟಗಾರ ಕ್ಷಣಾರ್ಧ ತಡವಾಗಿ ಪ್ರತಿಕ್ರಿಯಿಸುತ್ತಾನೆ, ಹಾಗಾಗಿ ಮತ್ತೆ ಪೆಟ್ಟು ತಿನ್ನುವ ಸಂಭವವೂ ಹೆಚ್ಚು.

ಹಂತ 3: ಇವುಗಳಲ್ಲಿ ಒಂದಿದ್ದರೂ ನೇರ ಆಸ್ಪತ್ರೆಗೆ

- ಕ್ಷಣಕಾಲವಾದರೂ ಪ್ರಜ್ಞೆ ತಪ್ಪಿದ್ದು, ಫಿಟ್ಸ್
- ಮತ್ತೆ ಮತ್ತೆ ವಾಂತಿ
- ಏರುತ್ತಲೇ ಹೋಗುವ ತಲೆನೋವು
- ಹೆಚ್ಚುತ್ತಿರುವ ಗೊಂದಲ ಅಥವಾ ಮಂಪರು, ಎಬ್ಬಿಸಿದರೂ ಸರಿಯಾಗಿ ಏಳದಿರುವುದು
- ಒಂದು ಎರಡಾಗಿ ಕಾಣುವುದು, ಕಣ್ಣು ಕಾಣದಿರುವುದು, ಎರಡು ಕಣ್ಣಿನ ಪಾಪೆ ಬೇರೆ ಬೇರೆ ಗಾತ್ರ
- ಕೈಕಾಲಿನಲ್ಲಿ ಬಲವಿಲ್ಲದಿರುವುದು, ಮರಗಟ್ಟುವುದು, ಮಾತು ತೊದಲುವುದು
- ಕತ್ತು ನೋವು
- ಇದ್ದಕ್ಕಿದ್ದಂತೆ ರೇಗುವುದು, ಕೈಬೀಸುವುದು, ತಡೆಯಲಾಗದ ಚಡಪಡಿಕೆ
- ಕಿವಿ ಅಥವಾ ಮೂಗಿನಿಂದ ರಕ್ತ ಇಲ್ಲವೇ ನೀರಿನಂಥ ದ್ರವ, ಕಿವಿಯ ಹಿಂದೆ ಅಥವಾ ಎರಡೂ ಕಣ್ಣಿನ ಸುತ್ತ ಕಪ್ಪುನೀಲಿ ಕಲೆ
- ತಲೆಬುರುಡೆ ತಗ್ಗಾದಂತೆ ಕೈಗೆ ಸಿಗುವುದು
- ಸುಮಾರು 5 ಅಡಿಗಿಂತ ಎತ್ತರದಿಂದ ಬಿದ್ದದ್ದು, ವಾಹನ ಗುದ್ದಿದ್ದು

ಕೊನೆಯದನ್ನು ಗಮನಿಸಿ. ಮರ, ಕಾಂಪೌಂಡ್ ಗೋಡೆ, ಆಗಸ್ಟ್ 15ಕ್ಕೆ ಅಭ್ಯಾಸ ಮಾಡುವ ಮಾನವ ಪಿರಮಿಡ್‌ನ ಮೇಲಿನ ಸಾಲು, ಇವೆಲ್ಲ ಆ ಎತ್ತರಕ್ಕೆ ಸೇರುತ್ತವೆ. ಮಗು ಚೆನ್ನಾಗಿಯೇ ಇದ್ದರೂ ವೈದ್ಯರು ನೋಡಲಿ.

ಒಂದು ಮೋಸದ ಸ್ಥಿತಿ ಇದೆ. ಕಿವಿಯ ಮೇಲಿನ ಮೂಳೆಗೆ ಪೆಟ್ಟಾಗಿ ಒಳಗಿನ ರಕ್ತನಾಳ ಹರಿದರೆ, ಮಗು ಮೊದಲು ಸ್ವಲ್ಪ ತಡಬಡಾಯಿಸಿ ಆಮೇಲೆ ಒಂದೆರಡು ಗಂಟೆ ಪೂರ್ತಿ ಸರಿಯಾದಂತೆ ಕಾಣಬಹುದು. ನಗುತ್ತದೆ, ಬಿಸಿಯೂಟ ಮಾಡುತ್ತದೆ. ಒಳಗೆ ರಕ್ತ ಸೇರುತ್ತಲೇ ಇರುತ್ತದೆ. ಆಟೋದಲ್ಲಿ ಮನೆಗೆ ಹೋಗಿ ‘ಸುಸ್ತು’ ಎಂದು ಮಲಗಿದ ಮೇಲೆ ಎಬ್ಬಿಸಲಾಗುವುದಿಲ್ಲ. ಮುಂದಿನ ಹಂತಗಳಲ್ಲಿ ಶಾಲೆಯಲ್ಲೂ ಮನೆಯಲ್ಲೂ ಇಡುವ ನಿಗಾ ಇರುವುದು ಇದನ್ನು ಹಿಡಿಯಲಿಕ್ಕೆ.

ಹಂತ 4: ಅರ್ಧ ಗಂಟೆಯ ನಿಗಾ

ನೆರಳಲ್ಲಿ ಕೂರಿಸಿ. ಒಬ್ಬರೇ ಶಿಕ್ಷಕರು ಉದ್ದಕ್ಕೂ ಜೊತೆಗಿರಲಿ. ಮೂರು ಜನ ಸರದಿಯಲ್ಲಿ ಬಂದು ನೋಡಿದರೆ ಬದಲಾವಣೆ ಯಾರಿಗೂ ಗೊತ್ತಾಗದು. ಸಹಪಾಠಿಯೊಬ್ಬನನ್ನು ಕೂರಿಸಿ ಹೋಗುವುದು ನಿಗಾ ಅಲ್ಲ.

ನಾಲ್ಕು ಸಲ ಪರೀಕ್ಷಿಸಿ ಬರೆಯಿರಿ: ಕರೆತಂದ ತಕ್ಷಣ, 15 ನಿಮಿಷಕ್ಕೆ, 30 ನಿಮಿಷಕ್ಕೆ, ಮತ್ತು ಶಾಲೆ ಬಿಡುವ ಮುನ್ನ. ಪ್ರತಿ ಸಲವೂ ತಲೆನೋವು, ವಾಕರಿಕೆ, ತಲೆಸುತ್ತು, ಬೆಳಕು ಅಥವಾ ಸದ್ದು ಸಹಿಸಲಾಗದಿರುವುದು, ಮಂಕುತನ ಇವಕ್ಕೆ 0ಯಿಂದ 10ರೊಳಗೆ ಅಂಕ ಕೇಳಿ. ಮಕ್ಕಳು ‘ಕನ್ಕಷನ್’ ಎಂದು ಹೇಳುವುದಿಲ್ಲ. ‘ತಲೆ ಧಿಮ್ ಅಂತಿದೆ’, ‘ಗಿರ್ ಅಂತಿದೆ’, ‘ಏನೋ ಒಂಥರಾ ಆಗ್ತಿದೆ ಮಿಸ್’ ಅನ್ನುತ್ತಾರೆ. ಆ ‘ಒಂಥರಾ’ ಎಂಬ ಮಾತನ್ನು ಹಾಗೆಯೇ ಬರೆದುಕೊಳ್ಳಿ.

ಹೆಸರು, ತರಗತಿ ಕೇಳಿ ಪ್ರಯೋಜನವಿಲ್ಲ. ಅದನ್ನು ಪೆಟ್ಟಾದವರೂ ಹೇಳುತ್ತಾರೆ. ಆಗಷ್ಟೇ ನಡೆದದ್ದನ್ನು ಕೇಳಿ. ‘ಇದು ಯಾವ ಮೈದಾನ? ಈಗ ನಡೆಯುತ್ತಿರುವುದು ಮೊದಲರ್ಧವೋ ಎರಡನೆಯದೋ? ಕೊನೇ ಪಾಯಿಂಟ್ ತಂದವರು ಯಾರು? ಹಿಂದಿನ ಪಂದ್ಯ ಯಾರ ಮೇಲೆ ಆಡಿದಿರಿ, ಗೆದ್ದಿರಾ?’ ಒಂದಕ್ಕೆ ತಪ್ಪು ಉತ್ತರ ಬಂದರೂ ಕನ್ಕಷನ್ ಎಂದೇ ನಡೆದುಕೊಳ್ಳಿ. ಎಲ್ಲ ಸರಿ ಹೇಳಿದ ಮಾತ್ರಕ್ಕೆ ಏನೂ ಆಗಿಲ್ಲವೆಂದು ತೀರ್ಮಾನಿಸಬೇಡಿ. ಚಿಕ್ಕ ತರಗತಿಯ ಮಕ್ಕಳಿಗೆ ಈ ಪ್ರಶ್ನೆಗಳು ಕೆಲಸ ಮಾಡುವುದಿಲ್ಲ. ಅಲ್ಲಿ ನೋಡಬೇಕಾದದ್ದು ಸಮಾಧಾನವಾಗದ ಅಳು, ಇಷ್ಟದ ಆಟದಲ್ಲೂ ಆಸಕ್ತಿ ಇಲ್ಲದಿರುವುದು, ಊಟ ಬೇಡ ಅನ್ನುವುದು, ನಡೆಯುವಾಗ ತೂರಾಡುವುದು.

ಬುಗುಟು ಬಂದ ಜಾಗಕ್ಕೆ ತಣ್ಣನೆ ಬಟ್ಟೆಯನ್ನು 10ರಿಂದ 15 ನಿಮಿಷ ಮೆಲ್ಲಗೆ ಇಡಿ. ಕೊಬ್ಬರಿ ಎಣ್ಣೆ ಹಚ್ಚಿ ಗಸಗಸ ತಿಕ್ಕಬೇಡಿ. ಗಾಯಕ್ಕೆ ಕಾಫಿ ಪುಡಿ, ಅರಿಶಿನ ತುಂಬಬೇಡಿ. ಶಾಲೆಯಲ್ಲಿ ಯಾವ ಮಾತ್ರೆಯನ್ನೂ ಕೊಡಬೇಡಿ, ಅದರಲ್ಲೂ ವಾಂತಿ ನಿಲ್ಲುವ ಮಾತ್ರೆ ಕೊಟ್ಟರೆ ಮುಖ್ಯ ಎಚ್ಚರಿಕೆಯೊಂದು ಮುಚ್ಚಿಹೋಗುತ್ತದೆ. ಬಿಸಿಲಿಗೆ ಸುಸ್ತಾಗಿರಬೇಕು, ಬೆಳಿಗ್ಗೆ ತಿಂಡಿ ತಿಂದಿಲ್ಲ ಎಂದು ಗ್ಲೂಕೋಸ್ ಕುಡಿಸಿ ಕೈತೊಳೆದುಕೊಳ್ಳುವುದು ಅಷ್ಟೇ ಅಪಾಯ. ತಲೆಗೆ ಪೆಟ್ಟು ಬಿದ್ದದ್ದನ್ನು ಯಾರಾದರೂ ನೋಡಿದ್ದರೆ ಸುಸ್ತಿಗೆ ಮೊದಲ ಕಾರಣ ಪೆಟ್ಟೇ.

ಹಂತ 5: ಮನೆಯವರಿಗೆ ಒಪ್ಪಿಸುವುದು

ಮಗುವನ್ನು ಶಾಲಾ ವ್ಯಾನಿನಲ್ಲಿ ಹತ್ತಿಸಿ ಕಳಿಸಬೇಡಿ, ಸೈಕಲ್ ಕೊಟ್ಟಂತೂ ಕಳಿಸಲೇಬೇಡಿ. ದೊಡ್ಡವರೊಬ್ಬರ ಕೈಗೆ ಒಪ್ಪಿಸಿ. ಮೊರಾರ್ಜಿ ದೇಸಾಯಿ ವಸತಿ ಶಾಲೆಯಂಥ ಕಡೆ ಆ ದೊಡ್ಡವರು ವಾರ್ಡನ್. ರಾತ್ರಿ ಪಾಳಿಯವರಿಗೂ ವಿಷಯ ದಾಟಿರಬೇಕು.

ಬಾಯಿಮಾತು ಮನೆ ತಲುಪುವಷ್ಟರಲ್ಲಿ ‘ಸ್ವಲ್ಪ ಬಿದ್ದನಂತೆ’ ಆಗಿಬಿಡುತ್ತದೆ. ಚೀಟಿ ಬರೆದು ಕೊಡಿ, ಹೀಗೆ:

‘ನಿಮ್ಮ ಮಗಳಿಗೆ ಇಂದು ಬೆಳಿಗ್ಗೆ 11.20ಕ್ಕೆ ಖೋ ಖೋ ಕಂಬಕ್ಕೆ ಹಣೆಯ ಬಲಭಾಗ ತಾಗಿದೆ. ಪ್ರಜ್ಞೆ ತಪ್ಪಿಲ್ಲ. 11.25ಕ್ಕೆ ತಲೆನೋವು ಹತ್ತರಲ್ಲಿ 6, 11.55ಕ್ಕೆ 4. ಒಮ್ಮೆ ವಾಕರಿಕೆ, ವಾಂತಿ ಇಲ್ಲ. ಇಂದೇ ವೈದ್ಯರಿಗೆ ತೋರಿಸಿ. ಹಿಂಬದಿಯಲ್ಲಿರುವ ಲಕ್ಷಣ ಯಾವುದು ಕಂಡರೂ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ. ವೈದ್ಯರ ಚೀಟಿ ಇಲ್ಲದೆ ಆಟಕ್ಕೆ ಸೇರಿಸುವುದಿಲ್ಲ.’

ಹಿಂಬದಿಯಲ್ಲಿ ಹಂತ 3ರ ಪಟ್ಟಿ ಇರಲಿ. ಇದರ ನಕಲು ಶಾಲೆಯ ಪೆಟ್ಟಿನ ವಹಿಯಲ್ಲಿ ಉಳಿಯಲಿ. ವೈದ್ಯರಿಗೂ ಈ ಚೀಟಿಯೇ ಎಲ್ಲಕ್ಕಿಂತ ಉಪಯುಕ್ತ, ಏಕೆಂದರೆ ತಲೆನೋವು ಇಳಿಯುತ್ತಿದೆಯೋ ಏರುತ್ತಿದೆಯೋ ಎಂಬುದು ಅದರಲ್ಲಿದೆ.

ಹಂತ 6: ಮೊದಲ 48 ಗಂಟೆ

ಮೊದಲ ಮೂರು ಗಂಟೆಯಂತೂ ಮಗುವನ್ನು ಒಂಟಿಯಾಗಿ ಬಿಡಬಾರದು. ಮಲಗಲೇಬಾರದು ಎಂಬ ನಂಬಿಕೆ ಹಳೆಯದು. ಸರಿಯಾಗಿ ಮಾತಾಡುತ್ತಾ, ನಡೆದಾಡುತ್ತಾ ಇರುವ ಮಗು ಮಲಗಬಹುದು, ನಿದ್ದೆ ಚೇತರಿಕೆಗೆ ಬೇಕೇಬೇಕು. ರಾತ್ರಿ ಎಷ್ಟು ಸಲ ನೋಡಬೇಕೆಂದು ವೈದ್ಯರನ್ನೇ ಕೇಳಿ.

ನೋವಿಗೆ ಪ್ಯಾರಾಸಿಟಮಾಲ್, ಅದೂ ವೈದ್ಯರು ತೂಕ ನೋಡಿ ಹೇಳಿದಷ್ಟು. ಆಸ್ಪಿರಿನ್ ಬೇಡ. ಐಬುಪ್ರೊಫೆನ್ ಮೊದಲೆರಡು ದಿನ ಬೇಡ, ರಕ್ತಸ್ರಾವ ಹೆಚ್ಚಿಸಬಹುದು. ಮೆಡಿಕಲ್ ಶಾಪಿನಲ್ಲಿ ‘ತಲೆನೋವಿಗೆ ಒಂದು ಕೊಡಿ’ ಅಂದರೆ ಇವೆರಡರಲ್ಲಿ ಒಂದು ಬೆರೆತ ಮಾತ್ರೆ ಸಿಗಬಹುದು. ಮಾತ್ರೆಯ ಸ್ಟ್ರಿಪ್ಪಿನ ಹಿಂಬದಿ ಓದಿ.

ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವುದೂ ತಪ್ಪು. ಒಂದೆರಡು ದಿನ ಹಗುರ ವಿಶ್ರಾಂತಿ ಸಾಕು. ಮನೆಯೊಳಗೆ ಓಡಾಡಲಿ, ಅಂಗಳದಲ್ಲಿ ನಡೆಯಲಿ. ಮೊದಲ 48 ಗಂಟೆ ಮೊಬೈಲ್, ಟಿ.ವಿ. ಮಾತ್ರ ಆದಷ್ಟೂ ಕಡಿಮೆ ಇರಲಿ. ‘ರೆಸ್ಟ್ ಮಾಡು’ ಎಂದು ಮೊಬೈಲ್ ಕೈಗಿಟ್ಟು ಮಲಗಿಸಿದರೆ ಅದು ವಿಶ್ರಾಂತಿ ಆಗುವುದಿಲ್ಲ.

ಹಂತ 7: ಮೊದಲು ಪಾಠ, ಆಮೇಲೆ ಆಟ

ಇಲ್ಲಿ ಪೋಷಕರೂ ಶಾಲೆಯವರೂ ಕ್ರಮ ತಿರುಗಿಸಿಬಿಡುತ್ತಾರೆ. ಮಗು ಸಂಜೆ ಆಡುತ್ತಿರುತ್ತದೆ, ಬೆಳಿಗ್ಗೆ ತಲೆನೋವೆಂದು ರಜೆ ಹಾಕುತ್ತದೆ. ನಿಯಮ ಸರಳ: ಪೂರ್ತಿ ದಿನ ತರಗತಿಯಲ್ಲಿ ಕೂರಲಾಗದವರು ಪಂದ್ಯ ಆಡುವಂತಿಲ್ಲ.

1. ಮನೆಯಲ್ಲಿ 5ರಿಂದ 15 ನಿಮಿಷ ಓದು. ತಲೆನೋವು ಸ್ವಲ್ಪ ಏರಿ ಒಂದು ಗಂಟೆಯೊಳಗೆ ಇಳಿದರೆ ಪರವಾಗಿಲ್ಲ. ಹತ್ತರಲ್ಲಿ ಎರಡು ಅಂಕಕ್ಕಿಂತ ಹೆಚ್ಚು ಏರಿದರೆ ಅಲ್ಲಿಗೆ ನಿಲ್ಲಿಸಿ.
2. ಮನೆಯಲ್ಲೇ ಹೋಂವರ್ಕ್, ನಡುನಡುವೆ ವಿರಾಮ.
3. ಅರ್ಧ ದಿನ ಶಾಲೆ.
4. ಪೂರ್ತಿ ದಿನ. ಕಿರುಪರೀಕ್ಷೆಗಳು ಇದಾದ ಮೇಲೆ.

ಎಲ್ಲ ಲಕ್ಷಣ ಹೋಗುವವರೆಗೆ ಶಾಲೆಗೆ ಕಳಿಸಬಾರದೆಂದಿಲ್ಲ. ಬಹಳಷ್ಟು ಮಕ್ಕಳು ಕೆಲವೇ ದಿನಗಳಲ್ಲಿ ಅರ್ಧ ದಿನಕ್ಕೆ ಬರಬಲ್ಲರು.

ತರಗತಿಯಲ್ಲಿ ಏನು ಕಾಡುತ್ತದೆಂದು ಹತ್ತಿರದಿಂದ ನೋಡಿ. ಬೋರ್ಡಿನಲ್ಲಿರುವುದನ್ನು ನೋಟ್ಸಿಗೆ ಇಳಿಸುವಾಗ ಕಣ್ಣು ದೂರಕ್ಕೆ, ಹತ್ತಿರಕ್ಕೆ, ಮತ್ತೆ ದೂರಕ್ಕೆ ಹೊಂದಿಕೊಳ್ಳಬೇಕು. ಪೆಟ್ಟಾದ ಮಿದುಳಿಗೆ ಇದೇ ದೊಡ್ಡ ದುಡಿಮೆ. ಮಗು ಎರಡು ಸಾಲು ಬರೆದು ಕಣ್ಣುಜ್ಜುತ್ತದೆ, ಸಾಲು ತಪ್ಪುತ್ತದೆ, ಹಣೆ ಹಿಡಿದು ಬೆಂಚಿಗೆ ಒರಗುತ್ತದೆ. ಸೋಮಾರಿತನ ಎಂದು ಗದರಿಸಬೇಡಿ. ಪಕ್ಕದವರ ನೋಟ್ಸ್ ಜೆರಾಕ್ಸ್ ಕೊಡಿಸಿ. ಕಿಟಕಿ ಬಿಸಿಲು ಬೀಳದ ಜಾಗದಲ್ಲಿ ಕೂರಿಸಿ. ಬಿಸಿಯೂಟದ ಗದ್ದಲದ ಬದಲು ವರಾಂಡದ ತುದಿಯಲ್ಲಿ ಒಬ್ಬ ಗೆಳೆಯನ ಜೊತೆ ಊಟವಾಗಲಿ. ಬೆಳಗಿನ ಪ್ರಾರ್ಥನೆಗೆ ಬಿಸಿಲಲ್ಲಿ ನಿಲ್ಲಿಸಬೇಡಿ, ಮೈಕ್ ಪಕ್ಕವಂತೂ ಬೇಡ. ಎಸ್ಸೆಸ್ಸೆಲ್ಸಿ ಮಕ್ಕಳ ಮೇಲೆ ಒತ್ತಡ ಹೆಚ್ಚು. ವಿಶೇಷ ತರಗತಿ, ಟ್ಯೂಷನ್ ಎರಡನ್ನೂ ಪೂರ್ತಿ ದಿನದ ಶಾಲೆ ಹಿಡಿತಕ್ಕೆ ಬಂದ ಮೇಲೆ ಶುರು ಮಾಡಿಸಿ. ಇವನ್ನೆಲ್ಲ ಗಮನಿಸಲು ಒಬ್ಬ ಶಿಕ್ಷಕರನ್ನು ಗೊತ್ತುಮಾಡಿ, ಇಲ್ಲದಿದ್ದರೆ ಗಣಿತದ ಮೇಷ್ಟ್ರಿಗೆ ಗೊತ್ತಿರುವುದು ಹಿಂದಿ ಮೇಡಂಗೆ ಗೊತ್ತಿರುವುದಿಲ್ಲ.

ಹಂತ 8: ಮೈದಾನಕ್ಕೆ ಮರಳುವ ಆರು ಮೆಟ್ಟಿಲು

ಒಂದೊಂದು ಮೆಟ್ಟಿಲಿಗೂ ಕನಿಷ್ಠ 24 ಗಂಟೆ. ಮೊದಲ ಮೂರು ಮೆಟ್ಟಿಲಲ್ಲಿ ಲಕ್ಷಣ ಮರುಕಳಿಸಿದರೆ ನಿಲ್ಲಿಸಿ, ಮರುದಿನ ಮತ್ತೆ ಪ್ರಯತ್ನಿಸಿ. ನಾಲ್ಕರಿಂದ ಆರರಲ್ಲಿ ಮರುಕಳಿಸಿದರೆ ಮೂರನೆಯದಕ್ಕೆ ಇಳಿಯಿರಿ.

1. ದಿನನಿತ್ಯದ ಓಡಾಟ.
2. ನಡಿಗೆ, ಆಮೇಲೆ ಬಿರುಸು ನಡಿಗೆ ಅಥವಾ ಹಗುರ ಜಾಗಿಂಗ್. ಮೊದಲು ಗರಿಷ್ಠ ನಾಡಿಬಡಿತದ ಶೇ 55ರವರೆಗೆ, ನಂತರ ಶೇ 70ರವರೆಗೆ. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಬಡಿತದ ಅಂದಾಜು ಸಿಗುತ್ತದೆ. 14 ವರ್ಷದವರಿಗೆ 206. ಲೆಕ್ಕ ಹಾಕಿದರೆ 15 ಸೆಕೆಂಡಿಗೆ 28 ಬಡಿತ, ಆಮೇಲೆ 36. ಮಣಿಕಟ್ಟು ಹಿಡಿದು ಗಡಿಯಾರ ನೋಡಿದರೆ ಸಾಕು.
3. ಒಬ್ಬರೇ ಮಾಡುವ ಅಭ್ಯಾಸ: ಓಟ, ದಿಕ್ಕು ಬದಲಿಸುವುದು, ರೇಡಿನ ಹೆಜ್ಜೆಗಳು. ಯಾರೂ ಮುಟ್ಟುವಂತಿಲ್ಲ.
4. ತಂಡದೊಂದಿಗೆ, ಆದರೆ ಹಿಡಿತ, ಡೈವ್, ಡಿಕ್ಕಿ ಇಲ್ಲದ ಅಭ್ಯಾಸ.
5. ಪೂರ್ಣ ಅಭ್ಯಾಸ.
6. ಪಂದ್ಯ.

ಮೂರರಿಂದ ನಾಲ್ಕಕ್ಕೆ ಹತ್ತುವ ಮುನ್ನ ಎರಡು ಷರತ್ತು: ಲಕ್ಷಣಗಳೆಲ್ಲ ಹೋಗಿರಬೇಕು, ವೈದ್ಯರ ಲಿಖಿತ ಒಪ್ಪಿಗೆ ಇರಬೇಕು. ನೋವಿನ ಮಾತ್ರೆ ನುಂಗಿ ‘ಈಗ ನೋವಿಲ್ಲ’ ಅನ್ನುವುದು ಲೆಕ್ಕಕ್ಕಿಲ್ಲ. ಬ್ರಿಟನ್‌ನಲ್ಲಿ 2023ರಲ್ಲಿ ಹೊರಡಿಸಿದ ತಳಮಟ್ಟದ ಕ್ರೀಡಾ ಮಾರ್ಗಸೂಚಿ 21 ದಿನಕ್ಕೆ ಮೊದಲು ಪಂದ್ಯಕ್ಕೆ ಮರಳಬೇಡಿ ಎನ್ನುತ್ತದೆ. ವೈದ್ಯರು ಪಕ್ಕದಲ್ಲಿಲ್ಲದ ನಮ್ಮ ಶಾಲೆಗಳಿಗೆ ಈ 21 ದಿನದ ಲೆಕ್ಕವೇ ಸುರಕ್ಷಿತ. ತಾಲ್ಲೂಕು ಮಟ್ಟದಲ್ಲಿ ಪೆಟ್ಟಾದವರು ಮುಂದಿನ ವಾರದ ಜಿಲ್ಲಾ ಮಟ್ಟಕ್ಕೆ ಹೋಗುವುದಿಲ್ಲ ಎಂದೇ ಇದರರ್ಥ. ಕಹಿಯಾದರೂ ಅದು ಮೊದಲೇ ಎಲ್ಲರಿಗೂ ತಿಳಿದಿರಲಿ, ಆಗ ಮಕ್ಕಳ ಜೊತೆ ಜಗಳ ಕಡಿಮೆ.

ನಾಲ್ಕು ವಾರ ಕಳೆದರೂ ತಲೆನೋವು, ಮರೆವು, ನಿದ್ದೆಗೇಡು, ಸಿಡುಕು ಉಳಿದಿದ್ದರೆ ತಜ್ಞರ ಬಳಿ ಕಳಿಸಿ. ವೈದ್ಯಕೀಯ ಕಾಲೇಜು ಆಸ್ಪತ್ರೆಯ ನರರೋಗ ವಿಭಾಗ ಅಥವಾ ಬೆಂಗಳೂರಿನ ನಿಮ್ಹಾನ್ಸ್ ಸರಿಯಾದ ಜಾಗ. ಮೊದಲೇ ಮೈಗ್ರೇನ್ ಇದ್ದವರು, ಹಿಂದೊಮ್ಮೆ ಕನ್ಕಷನ್ ಆದವರು ನಿಧಾನವಾಗಿ ಚೇತರಿಸಿಕೊಳ್ಳಬಹುದು.

ಹಂತ 9: ಮುಂದಿನ ಪೆಟ್ಟು ತಪ್ಪಿಸುವುದು

*ಕಬಡ್ಡಿ.* ಆಂಕಲ್ ಹೋಲ್ಡ್‌ಗೆ, ಅಂದರೆ ರೇಡರ್‌ನ ಪಾದದ ಗಂಟು ಹಿಡಿಯಲು, ಹಾರುವ ಹುಡುಗ ತಲೆ ತಗ್ಗಿಸಿ ನೆಲ ನೋಡಿಕೊಂಡು ಹೋಗುತ್ತಾನೆ, ರೇಡರ್ ಕಾಲು ಕಿತ್ತುಕೊಳ್ಳುವಾಗ ಮಂಡಿ ನೇರ ಕಿವಿಯ ಮೇಲಕ್ಕೆ ಬರುತ್ತದೆ. ಕಣ್ಣು ಮೇಲಕ್ಕೆ, ತಲೆ ರೇಡರ್ ಕಾಲಿನ ಹೊರಬದಿಗೆ, ಭುಜ ಮುಂದೆ: ಇದನ್ನು ಮೊದಲು ನಿಂತಿರುವ ಜೊತೆಗಾರನ ಮೇಲೆ ನಿಧಾನಗತಿಯಲ್ಲಿ ಕಲಿಸಿ, ಆಮೇಲೆ ವೇಗ. ಕೈಕೈ ಹಿಡಿದ ಚೈನ್‌ನಲ್ಲಿ ಇಬ್ಬರು ಒಟ್ಟಿಗೆ ನುಗ್ಗುವಾಗ ಯಾರು ಕಾಲಿಗೆ, ಯಾರು ಸೊಂಟಕ್ಕೆ ಎಂದು ಮೊದಲೇ ಹಂಚಿಕೊಳ್ಳದಿದ್ದರೆ ತಲೆಗೆ ತಲೆ ಬಡಿಯುತ್ತದೆ. ಮಣ್ಣಿನ ಅಂಕಣವನ್ನು ಹಿಂದಿನ ದಿನವೇ ಅಗೆದು, ಕಲ್ಲು ಆರಿಸಿ, ನೀರು ಚಿಮುಕಿಸಿ. ಮ್ಯಾಟ್ ಆದರೆ ಜೋಡಣೆಯ ಸಂದುಗಳನ್ನು ಕಾಲಾಡಿಸಿ ನೋಡಿ.

*ಖೋ ಖೋ.* ಕಂಬದ ಎತ್ತರ 120ರಿಂದ 125 ಸೆಂಟಿಮೀಟರ್. ಬಾಗಿ ಓಡುವ ಮಗುವಿನ ಹಣೆ ಬರುವುದೂ ಅಷ್ಟಕ್ಕೇ. ಅಭ್ಯಾಸದ ದಿನಗಳಲ್ಲಿ ಕಂಬಕ್ಕೆ ಫೋಮ್ ಸುತ್ತಿ. ಕಂಬ ಹಿಡಿದು ಹಾರುವ ಪೋಲ್ ಡೈವ್ ಕಲಿಸುವುದು ಮೆತ್ತನೆ ಮಣ್ಣಿನ ಮೇಲೆ ಮಾತ್ರ.

*ಕ್ರಿಕೆಟ್.* ಒಂದೇ ಮೈದಾನದಲ್ಲಿ ಮೂರು ಆಟ ನಡೆಯುವಾಗ ಪಕ್ಕದ ಆಟದ ಚೆಂಡೇ ಹೆಚ್ಚು ಅಪಾಯ, ಬೆನ್ನು ತಿರುಗಿಸಿ ನಿಂತವರಿಗೆ ಅದು ಕಾಣುವುದಿಲ್ಲ. ಲೆದರ್ ಚೆಂಡು 156ರಿಂದ 163 ಗ್ರಾಂ ತೂಗುತ್ತದೆ. ಅದು ಬಂದರೆ ಹೆಲ್ಮೆಟ್ ಕಡ್ಡಾಯ, ವಿಕೆಟ್ ಕೀಪರ್ ಸ್ಟಂಪಿಗೆ ಹತ್ತಿರ ನಿಂತರೂ ಕಡ್ಡಾಯ. ಶಾಲೆಗೊಂದೇ ಹೆಲ್ಮೆಟ್ ಇಟ್ಟು ಎಲ್ಲರ ತಲೆಗೂ ಹಾಕಿದರೆ ಗಲ್ಲದ ಪಟ್ಟಿ ಸಡಿಲವಾಗಿ ತಲೆಯ ಮೇಲೆ ತಿರುಗುತ್ತದೆ. ಜೋರು ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ. ಹೆಲ್ಮೆಟ್ ಬುರುಡೆ ಒಡೆಯುವುದನ್ನು ತಡೆಯುತ್ತದೆ, ಕನ್ಕಷನ್ ಪೂರ್ತಿ ತಡೆಯುವುದಿಲ್ಲ.

*ಫುಟ್‌ಬಾಲ್.* ಚಿಕ್ಕ ಮಕ್ಕಳಿಗೆ ತಲೆಯಿಂದ ಚೆಂಡು ಹೊಡೆಯುವ ಹೆಡಿಂಗ್ ಅಭ್ಯಾಸ ಬೇಡ. ಎತ್ತಿ ಸಾಗಿಸುವ ಗೋಲು ಚೌಕಟ್ಟಿಗೆ ನೇತಾಡಿದರೆ ಅದು ಮೇಲೆ ಬೀಳುತ್ತದೆ, ಹಿಂಬದಿಯ ಕಾಲನ್ನು ನೆಲಕ್ಕೆ ಕಟ್ಟಿ.

ಆಟದ ಹೊರಗೂ ಪೆಟ್ಟುಗಳಿವೆ. ಜೂನ್ ಮಳೆಗೆ ಪಾಚಿ ಕಟ್ಟಿದ ಶೌಚಾಲಯದ ಮೆಟ್ಟಿಲು, ಗಂಟೆ ಹೊಡೆದೊಡನೆ ಓಡುವ ವರಾಂಡದ ತಿರುವು, ಕಟಾಂಜನವಿಲ್ಲದ ವೇದಿಕೆ. ಎರಡು ಮಕ್ಕಳ ತಲೆಗೆ ತಲೆ ಕುಟ್ಟಿಸುವ, ನೆತ್ತಿಗೆ ಮೊಟಕುವ ಶಿಕ್ಷೆಯೂ ತಲೆಗೆ ಪೆಟ್ಟೇ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಪ್ರಕಾರ ದೈಹಿಕ ಶಿಕ್ಷೆ ನಿಷಿದ್ಧ. ಸ್ಕೂಟರಿನಲ್ಲಿ ಬರುವ 4 ವರ್ಷ ಮೇಲ್ಪಟ್ಟ ಮಗುವಿಗೆ ಹೆಲ್ಮೆಟ್ ಕಾನೂನಿನಂತೆ ಕಡ್ಡಾಯ. ಐಎಸ್ಐ ಗುರುತಿನದು, ಮಗುವಿನ ಅಳತೆಯದು ಇರಲಿ. ಅಪ್ಪನ ಹೆಲ್ಮೆಟ್ ಹಾಕಿಸಿದರೆ ಬಿದ್ದಾಗ ಮೊದಲು ಹಾರುವುದು ಅದೇ.

ದಸರಾ ರಜೆಗೆ ಮುನ್ನ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ ಪೆಟ್ಟಿನ ವಹಿ ತಿರುವಿಹಾಕಿ. ಒಂದೇ ಕಂಬ, ಒಂದೇ ಮೆಟ್ಟಿಲು ಎರಡು ಸಲ ಕಂಡರೆ ಆ ಪುಟವನ್ನು ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಓದಿ, ರಿಪೇರಿಗೆ ದಿನ ಗೊತ್ತುಮಾಡಿಸಿಕೊಂಡು ಅದೇ ಪುಟದ ಕೆಳಗೆ ಬರೆಸಿ.